ಲಾಳಿಯಕ್ಕನ ತುಟಿಮಾತು

ನನ್ನ ಓರಗಿತ್ತಿಯನ್ನು ಗಿರಣಿಯಲ್ಲಿ ಎಲ್ಲರೂ ಲಾಳಿ ಎನ್ನುತ್ತಿದ್ದರು. ನೂಲು ಹೊತ್ತು ಆಚೆಯಿಂದ ಈಚೆಗೆ ಓಡುವ ಲಾಳಿಯ ಹಾಗೆ ಅವಳೂ ನಾಲ್ಕು ಮಗ್ಗಗಳ ನಡುವೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಎನ್ನುತ್ತೇನೆ. ಅವಳು ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದಳು, ನಾನು ಒಂಬತ್ತು ವರ್ಷ. ಗಂಡಂದಿರು ಹೋದ ಮೇಲೆ ಇಬ್ಬರೂ ಒಂದೇ ಒಲೆ ಮಾಡಿಕೊಂಡೆವು.

ಮಗ್ಗದ ಖಾತೆಯಲ್ಲಿ ಎಷ್ಟು ಕೂಗಿದರೂ ಪಕ್ಕದವಳಿಗೆ ಕೇಳದು. ಅದಕ್ಕೇ ಅಲ್ಲಿ ಯಾರೂ ಗಂಟಲು ಬಳಸುತ್ತಿರಲಿಲ್ಲ. ತುಟಿಯನ್ನು ಅಗಲವಾಗಿ ಆಡಿಸಿದರೆ ಮೂರು ಮಗ್ಗ ಆಚೆ ಇದ್ದವಳಿಗೂ ಮಾತು ಮುಟ್ಟುತ್ತಿತ್ತು. ಮೇಸ್ತ್ರಿಯ ಬೆನ್ನ ಹಿಂದೆ ಅವನ ಹೊಟ್ಟೆಯ ಸುದ್ದಿ ಆಡಿಕೊಂಡು, ಅವನು ತಿರುಗುವಷ್ಟರಲ್ಲಿ ನೂಲಿಗೆ ಗಂಟು ಹಾಕುತ್ತಾ ನಿಂತಿರುತ್ತಿದ್ದೆವು. ಆ ಮಗ್ಗಗಳ ಸದ್ದೇ ಅಕ್ಕನ ಕಿವಿಯನ್ನು ತಿಂದಿತು. ಆದರೆ ಅವಳಿಗೆ ಕಿವಿ ಕೇಳದೆಂದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎದುರಿನವರ ಬಾಯಿ ನೋಡಿಯೇ ತಿಳಿದುಕೊಂಡು ಬಾಯಿಗೆ ಬಾಯಿ ಕೊಡುತ್ತಾಳೆ. ಇಂದಿಗೂ ಯಂತ್ರದ ಅದುರು ಮೈಗೆ ತಾಗಿದರೆ ಅವಳ ಸ್ವರ ತಾನಾಗಿ ನಿಂತುಹೋಗುತ್ತದೆ. ಮನೆಯಲ್ಲಿ ಮಿಕ್ಸಿ ಹಾಕಿದ್ದರೂ ಸಾಕು, ತುಟಿಯಲ್ಲೇ ಉಪ್ಪು ಕೇಳುತ್ತಾಳೆ.

ಮೊನ್ನೆ ಅಕ್ಕ ನಲ್ಲಿಯ ಹತ್ತಿರ ಜಾರಿ ಬಿದ್ದಳು. ತೊಡೆಯ ಮೂಳೆ ಸೊಂಟದ ಹತ್ತಿರವೇ ಮುರಿದಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಆಗಲೇಬೇಕು ಎಂದರು. ನೋವಿಗಿಂತ ಹೆಚ್ಚಾಗಿ ಅವಳನ್ನು ಹಿಡಿದದ್ದು ಬೇರೆ ಭಯ. ನೂಲು ಸುತ್ತುವ ಖಾತೆಯಲ್ಲಿದ್ದ ಒಬ್ಬಳು ಹೊಟ್ಟೆಯ ಆಪರೇಷನ್ನಿಗೆ ಹೋದವಳು, ಎಚ್ಚರವಾದ ಮೇಲೆ ಸ್ವಂತ ಮಗನನ್ನು ಮಾವ ಎಂದು ಕರೆದಿದ್ದಳು. ಸಾಯುವ ತನಕ ಹಾಗೆಯೇ ಉಳಿದಳು.

"ಕಾಲು ಹೋದ್ರೆ ಕೋಲು ಹಿಡೀತೀನಿ. ಬುದ್ಧಿ ಹೋದ್ರೆ ಏನು ಹಿಡೀಲಿ?" ಎಂದಳು ಅಕ್ಕ.

"ನನ್ನ ಕೈ ಹಿಡಿ."

"ನಿನ್ನ ಕೈಯೇ ನಡುಗ್ತಿದೆ. ಮೊದಲು ನೀನು ಯಾರದ್ದಾದ್ರೂ ಹಿಡ್ಕೋ."

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅರಿವಳಿಕೆ ಕೊಡುವ ಡಾಕ್ಟರಮ್ಮ ವಾರ್ಡಿಗೆ ಬಂದರು. ಚಿಕ್ಕ ವಯಸ್ಸು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮಂಚದ ಅಂಚಿನಲ್ಲಿ ಕೂತರು. ಹಲ್ಲು ಅಲ್ಲಾಡುತ್ತದೆಯೇ, ಯಾವ ಮಾತ್ರೆ ನುಂಗುತ್ತೀರಿ, ಎಲ್ಲವನ್ನೂ ಕೇಳಿದರು.

"ಅಜ್ಜಿ, ಕಿವಿ ಚೆನ್ನಾಗಿ ಕೇಳುತ್ತಾ?"

"ಇರುವೆ ನಡೆದ್ರೂ ಕೇಳುತ್ತೆ," ಎಂದಳು ಅಕ್ಕ. ಹೊದಿಕೆಯ ಕೆಳಗಿಂದಲೇ ನನ್ನ ತೊಡೆ ಚಿವುಟಿದಳು. ನಾನು ಬಾಯಿ ಮುಚ್ಚಿಕೊಂಡೆ.

"ಪೂರ್ತಿ ಪ್ರಜ್ಞೆ ತಪ್ಪಿಸಲ್ಲ ಅಜ್ಜಿ, ಬೆನ್ನಿಗೆ ಒಂದು ಸೂಜಿ ಅಷ್ಟೇ. ವಯಸ್ಸಾದವರಿಗೆ ಆಪರೇಷನ್ ಆದ್ಮೇಲೆ ಕೆಲವು ದಿನ ಮಂಕು ಕವಿಯೋದುಂಟು. ಅದಕ್ಕೇ ನಿದ್ದೆ ಔಷಧಿ ಆದಷ್ಟು ಕಡಿಮೆ ಮಾಡ್ತೀವಿ. ನಾಳೆ ಆಪರೇಷನ್ನಿಗೆ ಎರಡು ಗಂಟೆ ಮೊದಲಿನವರೆಗೂ ಬರೀ ನೀರು ಕುಡೀಬಹುದು. ಹಿಂದಿನ ಹಾಗೆ ಗಂಟಲು ಒಣಗಿಸಿ ಇಡಲ್ಲ."

ಇಷ್ಟನ್ನೂ ಅಕ್ಕನ ಮುಖ ನೋಡಿ ಹೇಳಿದರು. ಆಮೇಲೆ ತಲೆ ಬಗ್ಗಿಸಿ ಬರೆಯುತ್ತಾ, "ಆಪರೇಷನ್ ಮುಗಿದ್ಮೇಲೂ ಕೆಲವು ಗಂಟೆ ಕಾಲು ಇದೆ ಅಂತಲೇ ಗೊತ್ತಾಗಲ್ಲ, ಹೆದರ್ಕೋಬೇಡಿ," ಎಂದರು. ಅಕ್ಕ ಅವರ ನೆತ್ತಿಯನ್ನು ನೋಡಿಕೊಂಡು ತಲೆಯಾಡಿಸಿದಳು. ಆ ಮಾತು ಅವಳಿಗೆ ಮುಟ್ಟಲಿಲ್ಲವೆಂದು ನನಗೆ ಆಗಲೇ ತಿಳಿಯಿತು. ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಇಬ್ಬರೂ ಆ ನೂಲಿನ ಖಾತೆಯವಳ ಮಾತನ್ನೇ ಆಡಿಕೊಂಡು ಕೂತೆವು. ಇದು ಮರೆತೇಹೋಯಿತು.

ಮರುದಿನ ಒಂಬತ್ತೂವರೆಗೆ ಗಾಲಿಮಂಚ ಬಂತು. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಅಕ್ಕನ ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕರವಸ್ತ್ರದಲ್ಲಿ ಕಟ್ಟಿ ಸೀರೆಯ ಮಡಿಲಿಗೆ ಸಿಕ್ಕಿಸಿಕೊಂಡೆ. ಹೊರಗಿನ ಬೆಂಚಿನಲ್ಲಿ ಕೂತು ಎದುರಿನ ಗೋಡೆಯ ಟೈಲುಗಳನ್ನು ಎಣಿಸಿದೆ. ಅಡ್ಡಕ್ಕೆ ಹದಿನಾಲ್ಕು. ಪ್ರತಿ ಸಲ ಬಾಗಿಲು ತೆರೆದಾಗಲೂ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅದೇ ನರ್ಸ್ ಹೊರಗೆ ಬಂದಳು.

"ಅಜ್ಜಿ ಕಡೆಯವರು ನೀವೇನಾ? ಆಪರೇಷನ್ ಚೆನ್ನಾಗಿ ಆಯ್ತು. ಆದ್ರೆ ಅವರು ಯಾರ ಮಾತಿಗೂ ಉತ್ತರ ಕೊಡ್ತಿಲ್ಲ. ಎದ್ದು ಹೋಗೋಕೆ ನೋಡ್ತಿದಾರೆ. ಬನ್ನಿ."

ಎದ್ದು ಅವಳ ಹಿಂದೆ ಹೋದೆ. ಹಸಿರು ಅಂಗಿ, ಟೊಪ್ಪಿ, ಮಾಸ್ಕು ಹಾಕಿಸಿ ಒಳಗೆ ಕರೆದುಕೊಂಡು ಹೋದಳು. ಒಬ್ಬ ಗಂಡಾಳು ಅಕ್ಕನ ಎರಡೂ ಮಣಿಕಟ್ಟುಗಳನ್ನು ಒತ್ತಿ ಹಿಡಿದಿದ್ದ. ಇನ್ನೊಬ್ಬ ನರ್ಸಿನ ಕೈಯಲ್ಲಿ ಔಷಧಿ ತುಂಬಿದ ಸಿರಿಂಜು. ಹೊದಿಕೆಯೊಳಗೆ ಬಿಸಿಗಾಳಿ ಊದುವ ಒಂದು ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಆ ಅದುರು ಮಂಚದ ಕಬ್ಬಿಣಕ್ಕೂ ಇಳಿದಿತ್ತು.

ಡಾಕ್ಟರಮ್ಮ ನನಗೆ ಹೇಳಿದರು: "ಮಲಗಿಸೋ ಔಷಧಿ ಕೊಟ್ರೆ ಮಂಕು ಜಾಸ್ತಿ ಆಗಬಹುದು. ಮೊದಲು ಗುರುತಿನವರ ಮುಖ ನೋಡಲಿ ಅಂತ ಕರೆಸಿದೆ. ಸಮಾಧಾನ ಆಗದಿದ್ರೆ ಕೊಡಲೇಬೇಕು. ಬಿದ್ರೆ ಮೂಳೆ ಮತ್ತೆ ಹೋಗುತ್ತೆ."

ನಾನು ಬಗ್ಗಿ ನಿಂತು ಅಕ್ಕಾ ಎಂದೆ. ಅಕ್ಕನ ಕಣ್ಣು ಗೋಡೆಯ ಮೇಲೆ ಹಾಯುವಂತೆ ನನ್ನ ಮೇಲೆ ಹಾಯ್ದು ಆಚೆ ಹೋಯಿತು. ನಲವತ್ತಾರು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ಮುಗಿಯಿತು, ಬುದ್ಧಿ ಹೋಯಿತು ಎಂದುಕೊಂಡೆ. ಮಂಚದ ಸರಳನ್ನು ಹಿಡಿದು ನಿಂತೆ.

"ಅರ್ಧ ಗಂಟೆಯಿಂದ ಹೀಗೇ. ಸ್ವರಾನೇ ಇಲ್ಲ, ಸುಮ್ನೆ ಬಾಯಿ ಆಡಿಸ್ತಾರೆ," ಎಂದಳು ಸಿರಿಂಜಿನವಳು.

ಆಗ ನಾನು ಅಕ್ಕನ ಬಾಯಿ ನೋಡಿದೆ. ಬಾಯಿ ಅಗಲವಾಗಿ ತೆರೆಯಿತು, ನಾಲಿಗೆ ಮೇಲಿನ ಹಲ್ಲಿಗೆ ತಾಗಿತು, ತುಟಿ ಮುಂದಕ್ಕೆ ಕೂಡಿತು. ಕಾಲು. ಮತ್ತೆ ಅದೇ. ಕಾಲು ಕತ್ತರಿಸಿಬಿಟ್ರು. ಕಾಲು ಕತ್ತರಿಸಿಬಿಟ್ರು.

ಮಂಚದಲ್ಲಿ ಯಂತ್ರದ ಅದುರಿತ್ತು. ಅವಳು ಮಗ್ಗದ ಮಾತು ಆಡುತ್ತಿದ್ದಳು. ಸುತ್ತ ಇದ್ದವರಿಗೆಲ್ಲ ಮಾಸ್ಕು. ಯಾರಿಗೂ ಬಾಯಿಯೇ ಇರಲಿಲ್ಲ. ನನಗೂ ಇರಲಿಲ್ಲ. ಕನ್ನಡಕವಂತೂ ನನ್ನ ಮಡಿಲಲ್ಲಿತ್ತು.

"ಸೂಜಿ ಬೇಡ, ಅವಳಿಗೆ ಕಿವಿ ಕೇಳಲ್ಲ," ಎಂದು ಮಾಸ್ಕು ಎಳೆದುಹಾಕಿದೆ. ಕರವಸ್ತ್ರದ ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಲ್ಲಿ ಬಿಚ್ಚಿದೆ. ಕನ್ನಡಕ ಹಾಕಿ, ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿ ಮುಖ ಹಿಡಿದು, ತುಟಿಯಲ್ಲೇ ಹೇಳಿದೆ: ಇದೆ. ಎರಡೂ ಇವೆ.

ಅವಳು ನನ್ನನ್ನು ನೋಡಿದಳು. ಸುಳ್ಳು, ಎಂದಿತು ತುಟಿ.

ಡಾಕ್ಟರಮ್ಮನಿಗೆ ಹೇಳಿ ಹೊದಿಕೆ ತೆಗೆಸಿದೆ. ಆಪರೇಷನ್ ಆಗದ ಕಾಲನ್ನು ಅವರೇ ಎತ್ತಿ ತೋರಿಸಿದರು. ಇನ್ನೊಂದರ ಬೆರಳುಗಳನ್ನು ನಾನು ಒಂದೊಂದಾಗಿ ಹಿಡಿದು ತೋರಿಸಿದೆ. ಬೇರೆಯವರ ಕಾಲು ನೋಡುವಂತೆ ನೋಡಿದಳು. ಹೆಬ್ಬೆರಳಿನ ಒಡೆದ ಉಗುರು ಕಂಡ ಮೇಲೆ ಮಾತ್ರ ಅವಳ ಕೈ ಸಡಿಲವಾಯಿತು. ಮಗ್ಗದ ಲಾಳಿ ಹಾರಿ ಬಂದು ಬಡಿದು ಒಡೆದ ಉಗುರು ಅದು. ಸಿರಿಂಜಿನವಳು ಸಿರಿಂಜನ್ನು ತಟ್ಟೆಯಲ್ಲಿಟ್ಟಳು.

"ನಿನ್ನೆ ನೀವಾದ್ರೂ ಹೇಳಬಹುದಿತ್ತಲ್ಲಮ್ಮ," ಎಂದರು ಡಾಕ್ಟರಮ್ಮ.

"ತಪ್ಪಾಯ್ತು," ಎಂದೆ.

ಅವರು ಪೆನ್ನು ತೆಗೆದು, "ನಾನೂ ಮುಖ ನೋಡ್ಕೊಂಡೇ ಹೇಳಬೇಕಿತ್ತು," ಎಂದರು. ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದು ಮಂಚದ ತಲೆಗೆ ಅಂಟಿಸಿದರು: ಕಿವಿ ಕೇಳದು. ಕನ್ನಡಕ ಹಾಕಿ, ಬಾಯಿ ತೋರಿಸಿ ಮಾತಾಡಿ.

ವಾರ್ಡಿಗೆ ಬಂದ ಮೇಲೆ ಅಕ್ಕ ಕತ್ತು ಹೊರಳಿಸಿ ಅದನ್ನು ಓದಿದಳು. ಅಲ್ಲಿ ಯಂತ್ರವಿರಲಿಲ್ಲ, ಸ್ವರ ಬಂತು.

"ಮೂವತ್ತು ವರ್ಷ ಮುಚ್ಚಿಟ್ಟಿದ್ದೆ. ಅರ್ಧ ದಿನದಲ್ಲಿ ಮಂಚಕ್ಕೆ ಅಂಟಿಸಿದೆಯಲ್ಲೇ."

"ಅಂಟಿಸಿದ್ದು ನಾನಲ್ಲ, ಡಾಕ್ಟರಮ್ಮ."

"ಬಾಯಿ ಬಿಟ್ಟವಳು ನೀನು ತಾನೇ?"

ಬೈಗುಳ ಸರಿಯಾಗಿಯೇ ಇತ್ತು, ಬುದ್ಧಿ ನೆಟ್ಟಗಿದೆ ಎಂದಾಯಿತು. ಆದರೂ ನನ್ನ ಭಯ ಇಳಿಯಲಿಲ್ಲ. ಕಾಲಿಗೆ ಇನ್ನೂ ಜೀವ ಬಂದಿರಲಿಲ್ಲ. ಬರದೇ ಹೋದರೆ ಎಂದುಕೊಂಡು ಆ ಒಡೆದ ಉಗುರಿನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಎರಡಾಯಿತು. ಮೂರಾಯಿತು. ಅಕ್ಕ ಕಣ್ಣು ಮುಚ್ಚಿದಾಗಲೆಲ್ಲ ತೆರೆಯುವ ತನಕ ಅವಳ ಮುಖವನ್ನೇ ನೋಡಿದೆ.

ಮೂರೂ ಮುಕ್ಕಾಲಿಗೆ ನನ್ನ ಮುಷ್ಟಿಯೊಳಗೆ ಏನೋ ಮಿಸುಕಿತು. ನನ್ನದೇ ಕೈ ನಡುಗಿತೋ ಏನೋ ಎಂದು ಉಸಿರು ಹಿಡಿದೆ. ಮತ್ತೆ ಮಿಸುಕಿತು. ತಲೆಯೆತ್ತಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಪಕ್ಕದ ಮಂಚದವರು ಮಲಗಿದ್ದರು. ಅವಳು ತುಟಿಯಲ್ಲೇ ಹೇಳಿದಳು:

ಕೈ ತೆಗಿ. ಕಚಗುಳಿ.