ಯುಜಿನ್ ಜಿಂಕೆ ಸಾಕಿದ್ದು

ಯುಜಿನ್ ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಕಂಡವನಲ್ಲ. ಇಲ್ಲಿ ಅರಬ್ ನಾಡಿಗೆ ಬಂದು ಖಾಲಿದಿಯಾ ಪೇಟೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಾವಿಬ್ಬರೂ ಜೊತೆಗೇ ದುಡಿದವರು. ಅಲ್ಲಿಯೂ ಅವನದು ಒಂದೇ ರಾಗ: "ಎಷ್ಟು ದಿನ ಅಂತ ಮಾರಾಯ, ಬೇರೆಯವರ ಕೈಕೆಳಗೆ? ನಂದು ಅಂತ ಒಂದು ಬೇಡ್ವಾ?" ಕೊನೆಗೆ ಕೆಲಸ ಬಿಟ್ಟೇ ಬಿಟ್ಟ. ಬಿಟ್ಟು ಶುರು ಮಾಡಿದ್ದೇನು? ಜಿಂಕೆ ಸಾಕಣೆ! ಹೆಂಡತಿ ಪರ್ಲ್ ತಲೆಯ ಮೇಲೆ ಕೈ ಹೊತ್ತಳು. ನನಗೆ ನಗು ತಡೆಯಲಾಗಲಿಲ್ಲ.

ಊರಾಚೆ ಮರಳಿನಲ್ಲಿ ಅಬು ಹಮದ್ ಎಂಬ ಅರಬ್ ಯಜಮಾನರ ತೋಟವಿದೆ. ಪರವಾನಗಿ, ಜಾಗ ಅವರದು. ಜಿಂಕೆ, ಮೇವು, ಮೈಕೈ ನೋವು ಇವನದು. ತಮ್ಮ ತೋಟಗಳಲ್ಲಿ ಮಕ್ಕಳಿಗೆಂದು ಜಿಂಕೆ ಇಟ್ಟುಕೊಳ್ಳುವ ಶ್ರೀಮಂತರುಂಟು. ಅವರಿಗೆ ಕೈಯಿಂದಲೇ ತಿನ್ನುವ ಸಾಧು ಜಿಂಕೆ ಬೇಕು. ಜಿಂಕೆ ಸಾಧುವಾಗುವುದು ಸುಲಭವೇ? ಯುಜಿನ್ ಬೇಲಿಯೊಳಗೇ ಚಾಪೆ ಹಾಸಿದ. ತಿಂಗಳುಗಟ್ಟಲೆ ಒಂದೇ ಹಳೇ ಬನಿಯನ್ನಿನಲ್ಲಿ ಅವುಗಳ ಮಧ್ಯೆ ತಿರುಗಿದ. ಒಂದು ಕೆಮ್ಮಿದರೂ ಎದ್ದು ಓಡುವನು. ಈದ್ ಒಳಗೆ ಗಿರಾಕಿ ಸಿಗದಿದ್ದರೆ ಆ ಜಾಗದಲ್ಲಿ ಆಡು ಕಟ್ಟುತ್ತೇನೆ ಎಂದು ಅಬು ಹಮದ್ ಹೇಳಿದ ಮೇಲಂತೂ ಅವನಿಗೆ ಊಟವೂ ಸೇರಲಿಲ್ಲ.

ಅಂತೂ ಒಬ್ಬ ಗಿರಾಕಿ ಬಂದರು, ದೊಡ್ಡ ಮನುಷ್ಯರು. ಆ ಬೆಳಗ್ಗೆ ನಾನೂ ಹೋಗಿದ್ದೆ. ನೋಡಿದರೆ ನಮ್ಮ ಯುಜಿನ್ ಮದುಮಗನ ಹಾಗೆ ನಿಂತಿದ್ದಾನೆ! ಅರಬರನ್ನು ಅರಬರ ರೀತಿಯಲ್ಲೇ ಸ್ವಾಗತಿಸಬೇಕೆಂದು ಇಸ್ತ್ರಿ ಅಂಗಿ ತೊಟ್ಟು, ಬಖೂರ್ ಧೂಪಕ್ಕೆ ಮೈಯೊಡ್ಡಿ, ಮೇಲಿಂದ ಅತ್ತರು ಬೇರೆ ಸವರಿಕೊಂಡಿದ್ದ.

ಅವನು ಬೇಲಿಯೊಳಗೆ ಕಾಲಿಟ್ಟದ್ದೇ ತಡ, ಜಿಂಕೆಗಳು ದಿಕ್ಕೆಟ್ಟು ಓಡಿದವು. ಕರೆದಷ್ಟೂ ದೂರ ಹೋದವು.

"ಇವು ನಿನ್ನ ಜಿಂಕೆಗಳೇ ಅಲ್ಲ," ಎಂದರು ಗಿರಾಕಿ ಹಿಂದಿಯಲ್ಲಿ. "ಇವತ್ತು ಎಲ್ಲಿಂದಲೋ ತಂದು ನಿಲ್ಲಿಸಿದ್ದೀಯ. ಖಲಾಸ್." ಕಾರಿನತ್ತ ತಿರುಗಿದರು.

"ವಾಸನೆ ಮಾರಾಯ, ಈ ವಾಸನೆ!" ಎಂದು ಯುಜಿನ್ ನನ್ನತ್ತ ಕಿರುಚಿದ. ಅಂಗಿ ಕಿತ್ತೆಸೆದ. ನೀರಿನ ಪೈಪನ್ನು ತಲೆಯ ಮೇಲೆಯೇ ಹಿಡಿದುಕೊಂಡ. ಆ ಕೊಳಕು ಬನಿಯನ್ ಹುಡುಕಿ ತೊಟ್ಟು, ಮೇವು ಹಿಡಿದು ನಿಂತ. ಹೊರಟಿದ್ದ ಗಿರಾಕಿಯೂ ಕಾರಿನ ಬಾಗಿಲು ಹಿಡಿದು ನೋಡುತ್ತ ನಿಂತರು. ಯುಜಿನ್‌ನ ಆ ಅವತಾರ ಕಂಡು ನನಗೆ ಅಳುವೇ ಬಂತು. ಎಷ್ಟೋ ಹೊತ್ತಿನ ಮೇಲೆ ಒಂದು ಹೆಣ್ಣು ಜಿಂಕೆ ಹತ್ತಿರ ಬಂತು, ಹಿಂದೆಯೇ ಉಳಿದವು. ಗಿರಾಕಿ ಮೇವು ಹಿಡಿದಾಗ ಮಾತ್ರ ಒಂದೂ ಸುಳಿಯಲಿಲ್ಲ.

ಅವರು ನಕ್ಕು, ಬೇಲಿಯಾಚೆ ನಿಂತಿದ್ದ ಅಬು ಹಮದರಿಗೆ ಅರಬಿಯಲ್ಲಿ ಹೇಳಿದರು. ಇಷ್ಟು ವರ್ಷದಲ್ಲಿ ಅಷ್ಟು ಅರಬಿ ನಮಗೂ ಅರ್ಥವಾಗುತ್ತದೆ: "ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ. ನೋಡಿಕೊಳ್ಳಲು ಇವನೂ ನನ್ನ ಕೈಕೆಳಗೆ ಬರಲಿ, ವೀಸಾ ನಾನು ಕೊಡುತ್ತೇನೆ. ಇವನಿಲ್ಲದಿದ್ದರೆ ಜಿಂಕೆ ಬೇಡ."

ಅಬು ಹಮದ್ ಖುಷಿಯಿಂದ ಯುಜಿನ್‌ನ ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಬೇಡ ಅನ್ನು ಎಂದು ಅವನಿಗೆ ಕಣ್ಸನ್ನೆ ಮಾಡಿದೆ. ಅವನು ನನ್ನನ್ನು ನೋಡಲೇ ಇಲ್ಲ. ಕೈ ನೆಕ್ಕುತ್ತಿದ್ದ ಜಿಂಕೆಯನ್ನೇ ನೋಡುತ್ತ ಹೂಂ ಎಂದು ತಲೆಯಾಡಿಸಿದ.

ಕಾರು ಹೋದ ಮೇಲೆ ಪರ್ಲ್ ಫೋನ್ ಮಾಡಿದಳು. "ಎಂತಾಯ್ತು? ಮಾರಿ ಹೋಯ್ತಾ?" ಎಂದದ್ದು ನನಗೂ ಕೇಳಿಸಿತು.

"ಎಲ್ಲ ಹೋಯ್ತು," ಎಂದ ಯುಜಿನ್. "ನನ್ನನ್ನೂ ಸೇರಿಸಿಯೇ ಕೊಟ್ಟೆ."