ಟೇಪಣ್ಣನ ಟಾನಿಕ್ಕು

ನಮ್ಮ ಹೋಟೆಲಿನ ಮಾಲೀಕ ಅವತ್ತು ನಮ್ಮ ಭಾವನ ಕೈಗೆ ಪೆನ್ನು ಕೊಟ್ಟದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕೆನ್ನೆಗೆ ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. "ಇನ್ಮೇಲೆ ಬರಕೊಂಡು ಕೆಲಸ ಮಾಡಪ್ಪಾ. ನಿನ್ನ ತಲೆ ನಂಬ್ಕೊಂಡು ಕೂತ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ" ಅಂದ. ಅದೂ ಗಿರಾಕಿಗಳ ಮುಂದೆ.

ಪೆನ್ನು ಕೊಟ್ಟರೆ ತಪ್ಪೇನು ಅಂತ ಕೇಳುವವರು ನಮ್ಮ ಭಾವನನ್ನು ನೋಡಿಲ್ಲ. ಬಸ್ ನಿಲ್ದಾಣದ ಎದುರಿನ ಆ ಹೋಟೆಲಿನಲ್ಲಿ ನಾನು ಒಳಗೆ ಒಲೆಯ ಮುಂದೆ, ಅವರು ಹೊರಗೆ ಸಪ್ಲೈಯರ್. ಅಕ್ಕನನ್ನು ಮದುವೆಯಾದ ಮೇಲೆ ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ. ಹಾಲ್ ತುಂಬಿ ಬಾಗಿಲ ತನಕ ಜನ ನಿಂತಿದ್ದರೂ ಯಾರ ಚಹಾಕ್ಕೆ ಸಕ್ಕರೆ ಬೇಡ, ಯಾರ ಆಮ್ಲೆಟ್ಟಿಗೆ ಈರುಳ್ಳಿ ಬೇಡ, ಯಾವ ಟೇಬಲ್ಲಿಗೆ ಇನ್ನೂ ನೀರು ಹೋಗಿಲ್ಲ, ಎಲ್ಲ ಅವರ ತಲೆಯೊಳಗೆ. ಅಡುಗೆಮನೆಯ ಕಿಂಡಿಗೆ ಮುಖ ಕೊಟ್ಟು ಒಂದೇ ಉಸಿರಿಗೆ ಒದರುತ್ತಿದ್ದರು. ಟೇಪ್ ರೆಕಾರ್ಡರ್ ಹಾಕಿದ ಹಾಗೆ. ಅದಕ್ಕೇ ಊರಿಗೆಲ್ಲ ಅವರು ಟೇಪಣ್ಣ.

"ಟೇಪಣ್ಣಾ, ನಾನು ಹೇಳಿದ್ದು ನೆನಪಿದೆ ತಾನೇ?" ಅಂತ ಯಾರಾದರೂ ಕೇಳಿದರೆ, "ನೀವು ಹೇಳಿದ್ದೂ ನೆನಪಿದೆ, ಆಮೇಲೆ ಬದಲಾಯಿಸಿದ್ದೂ ನೆನಪಿದೆ, ಈಗ ಇನ್ನೊಂದ್ಸಲ ಬದಲಾಯಿಸೋಕೆ ಹೊರಟಿರೋದೂ ಗೊತ್ತು" ಅನ್ನುತ್ತಿದ್ದರು.

ನನಗೋ ಕೋಪ ಮೂಗಿನ ತುದಿಯಲ್ಲೇ. ನಾನು ಒಳಗೆ ಪಾತ್ರೆ ಕುಕ್ಕಿದರೆ ಕಿಂಡಿಯಿಂದ ಅವರ ಮಾತು ಬರುತ್ತಿತ್ತು: "ಭಾಮೈದಾ, ಗ್ಯಾಸ್ ಯಾಕೆ ಸುಮ್ನೆ ಖರ್ಚು ಮಾಡ್ತೀಯ? ತವಾನ ನಿನ್ನ ತಲೆ ಮೇಲಿಟ್ಕೋ, ಮೊಟ್ಟೆ ಬೇಯುತ್ತೆ." ನಾನು ಬೈಯುತ್ತಲೇ ನಗುತ್ತಿದ್ದೆ.

ಅಂಥ ಮನುಷ್ಯನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿತು. ತಲೆಯೊಳಗಿನ ಟೇಪು ಮಾತ್ರ ಅಲ್ಲಲ್ಲಿ ಹರಿದುಹೋಗಿತ್ತು. ಲೋಟ ಅನ್ನಲು ಹೋಗಿ ಬಾಗಿಲು ಅನ್ನುತ್ತಿದ್ದರು. ತಪ್ಪಾಯಿತು ಅಂತ ಅವರಿಗೇ ಗೊತ್ತಾಗುತ್ತಿತ್ತು, ಸರಿಯಾದ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ನರದ ಡಾಕ್ಟರಮ್ಮ ರಕ್ತ ತೆಳುವಾಗಲು ಒಂದು ಮಾತ್ರೆ, ಜೊತೆಗೆ ಒಂದು ಸಿರಪ್ ಬರೆದುಕೊಟ್ಟರು. ನಾನೂ ಜೊತೆಗಿದ್ದೆ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳ ಎತ್ತಿ ಹಿಡಿದು ಗೆರೆ ತೋರಿಸಿದರು.

"ಈ ಗೆರೆ ತನಕ ಮಾತ್ರ. ಮನೆ ಚಮಚ ಬೇಡ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ. ಸಂಜೆ ಮೇಲೆ ಕುಡಿದ್ರೆ ನಿದ್ದೆ ಕೆಡುತ್ತೆ. ನಿಮ್ಮ ಕಿಡ್ನಿ ಪರೀಕ್ಷೆ ನೋಡಿಯೇ ಅಳತೆ ಹಾಕಿದೀನಿ. ನೀವಾಗೇ ಹೆಚ್ಚು ಮಾಡಬೇಡಿ, ನೀವಾಗೇ ನಿಲ್ಲಿಸಲೂ ಬೇಡಿ. ಎಲ್ಲಾದ್ರೂ ರಕ್ತ ಕಾಣಿಸ್ಕೊಂಡ್ರೆ ಕೂಡ್ಲೇ ಬನ್ನಿ."

ಮೆಟ್ಟಿಲು ಇಳಿಯುವಾಗ ಭಾವ ಕೇಳಿದರು: "ಅದೇನಂತೆ, ಆ ಬಾಟ್ಲಿ?"

"ನೆನಪಿನ ಟಾನಿಕ್ಕು, ಭಾವ" ಅಂದೆ.

ಡಾಕ್ಟರಮ್ಮ ಒಂದು ಸಲವೂ ಆಡದಿದ್ದ ಮಾತು ಅದು. ನನ್ನ ಬಾಯಿಂದ ಬಂತು. ಟಾನಿಕ್ಕು ಅಂದರೆ ನಮ್ಮಂಥವರ ಪ್ರಕಾರ ಏನು? ಒಂದು ಗುಟುಕು ಕುಡಿದರೆ ಒಂದು ಪಾಲು ಗುಣ, ನಾಲ್ಕು ಗುಟುಕು ಕುಡಿದರೆ ನಾಲ್ಕು ಪಾಲು.

ಕೆಲಸಕ್ಕೆ ವಾಪಸ್ ಬಂದ ದಿನವೇ ಮಾಲೀಕ ಪೆನ್ನು ಕೊಟ್ಟದ್ದು. ಭಾವ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು, ಒಂದಕ್ಷರ ಬರೆಯಲಿಲ್ಲ. ಬಟಾಣಿ ಸೂಪು ಕೇಳಿದವನಿಗೆ ಬನ್ನು ಹೋಯಿತು, ಚಹಾ ಕೇಳಿದವನು ಕಾದು ಕಾದು ಎದ್ದುಹೋದ. "ಈ ತಿಂಗಳು ನೋಡ್ತೀನಿ. ಆಗದಿದ್ರೆ ಹಿಂದೆ ಹೋಗಿ ತಟ್ಟೆ ತೊಳಿ" ಅಂದ ಮಾಲೀಕ. ಆ ಹಾಲ್ ಬಿಟ್ಟರೆ ಭಾವ ಟೇಪಣ್ಣ ಅಲ್ಲ. ಅವರಿಗೆ ಅದಕ್ಕಿಂತ ದೊಡ್ಡ ಭಯ ಇರಲಿಲ್ಲ.

ಸ್ವಲ್ಪ ದಿನದಲ್ಲಿ ಅವರ ನಡೆ ಬದಲಾಯಿತು. ಕಣ್ಣು ಕೆಂಪು, ಕೈಯಲ್ಲಿ ನಡುಕ, ಟ್ರೇ ಮೇಲಿನ ಕಪ್ಪುಗಳು ಗಲಗಲ ಅನ್ನುತ್ತಿದ್ದವು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಅವ್ರು ಮಲಗೋದೇ ಇಲ್ಲ ಕಣೋ. ಮಾತಾಡಿಸಿದ್ರೆ ಮೈಮೇಲೆ ಬರ್ತಾರೆ. ಔಷಧಿ ನಾನೇ ಗೆರೆ ನೋಡಿ ಹಾಕಿ ಕೊಡ್ತಿದೀನಿ, ಆದ್ರೂ ಯಾಕೆ ಹೀಗೆ?" ಅಂದಳು.

ನನ್ನ ತಲೆಗೆ ಬಂದದ್ದು ಒಂದೇ ಅನುಮಾನ.

ಮಧ್ಯಾಹ್ನ ಊಟದ ಹೊತ್ತು. ಹಿಟ್ಟು ತರಲು ಉಗ್ರಾಣಕ್ಕೆ ಹೋದೆ. ಮೂಟೆಗಳ ಹಿಂದೆ ಭಾವ ನನಗೆ ಬೆನ್ನು ಹಾಕಿ ನಿಂತು ಕಂದು ಬಣ್ಣದ ಬಾಟಲಿ ಬಾಯಿಗೆ ಎತ್ತಿ ಗಟಗಟ ಕುಡಿಯುತ್ತಿದ್ದರು. ನನ್ನನ್ನು ಕಂಡು ಬಾಟಲಿಯನ್ನು ಏಪ್ರನ್ ಜೇಬಿಗೆ ತುರುಕಿಕೊಂಡರು. ನನಗೆ ರಕ್ತ ತಲೆಗೇರಿತು. ತೋಳು ಹಿಡಿದು ಹಾಲ್‌ಗೆ ಎಳೆದುತಂದೆ.

"ಕುಡೀತೀಯೇನೋ? ಕೆಲಸದ ಹೊತ್ತಲ್ಲಿ ಕದ್ದು ಕುಡೀತೀಯಾ? ನಮ್ಮಕ್ಕನ ಬಾಳು ಹಾಳು ಮಾಡೋಕೆ ಬಂದಿದೀಯಾ, ಕುಡುಕಾ!"

ಅವರನ್ನು ನಾನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹಾಲ್‌ನಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ಜೇಬಿನಿಂದ ಬಾಟಲಿ ತೆಗೆದು ತೋರಿಸಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಭಾವ ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದು ನೆಲ ನೋಡಿದರು.

"ಹೌದು. ತಪ್ಪಾಯ್ತು" ಅಂದರು.

"ಅದಕ್ಕೇ ಹೇಳಿ ಮತ್ತೆ, ಟೇಪು ನೆನೆದುಹೋಗಿದೆ!" ಅಂದ ಯಾವನೋ. ಎಲ್ಲರೂ ನಕ್ಕರು. ಮಾಲೀಕ ಗಲ್ಲಾದಿಂದ ಏಳಲೂ ಇಲ್ಲ, ಬಾಗಿಲ ಕಡೆ ಬೆರಳು ತೋರಿಸಿದ.

ಏಪ್ರನ್ ಬಿಚ್ಚುತ್ತಿದ್ದ ಹಾಗೇ ಭಾವನ ಮೂಗಿನಿಂದ ರಕ್ತ ಸುರಿಯಿತು. ಮುಂದಕ್ಕೆ ಬಾಗಿಸಿ ಮೂಗು ಹಿಂಡಿ ಹಿಡಿದೆ. ನಿಲ್ಲಲಿಲ್ಲ. ನನ್ನ ಹೆಗಲ ಮೇಲಿನ ಬಟ್ಟೆಯೆಲ್ಲ ಒದ್ದೆಯಾಯಿತು. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಅಲ್ಲಿ ನರ್ಸು ಏಪ್ರನ್ ಕೊಡವಿದಾಗ ಬಾಟಲಿ ಮೇಜಿನ ಮೇಲೆ ಬಂತು. ಅದೇ ಸಿರಪ್. ಮನೆಯಲ್ಲಿ ಅಕ್ಕನ ಕೈಯಲ್ಲಿ ಒಂದು, ಯಾರಿಗೂ ಹೇಳದೆ ಇವರೇ ಕೊಂಡ ಇನ್ನೊಂದು ಜೇಬಿನಲ್ಲಿ.  ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ರಕ್ತ ನಿಲ್ಲಿಸಿದ ಮೇಲೆ ಡಾಕ್ಟರಮ್ಮ ರೇಗಿದರು. "ರಕ್ತ ತೆಳು ಮಾಡೋ ಮಾತ್ರೆ ಜೊತೆ ಇದನ್ನ ಇಷ್ಟಿಷ್ಟು ಕುಡಿದ್ರೆ ಏನಾಗುತ್ತೆ? ಮೂಗಲ್ಲಿ ಬಂದದ್ದು ನಿಮ್ಮ ಪುಣ್ಯ. ತಲೆಯೊಳಗೆ ಬಂದಿದ್ರೆ?"

"ಟಾನಿಕ್ಕು ಅಂದ್ಕೊಂಡೆ" ಅಂದರು ಭಾವ.

"ಟಾನಿಕ್ ಅಂತ ಯಾರ್ರೀ ಹೇಳಿದ್ದು ನಿಮಗೆ?"

ಭಾವ ನನ್ನ ಮುಖ ನೋಡಿದರು. "ಮರೆತುಹೋಯ್ತು" ಅಂದರು.

ಲಕ್ವ ಹೊಡೆದ ಮೇಲೂ ಆ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಅಕ್ಕ ಬಟ್ಟೆ ತರಲು ಮನೆಗೆ ಹೋದಾಗ ಮಂಚದ ಪಕ್ಕ ಕೂತು ಕೇಳಿದೆ: "ಔಷಧಿ ಅಂತ ಒಂದು ಮಾತು ಹೇಳಬಾರದಿತ್ತಾ ಭಾವ?"

"ಕುಡುಕ ಅಂದ್ರೆ ಜನ ಏನಂತಾರೆ? ಇವತ್ತಲ್ಲ ನಾಳೆ ಬಿಡ್ತಾನೆ ಅಂತಾರೆ. ಟೇಪಣ್ಣ ನೆನಪಿಗೆ ಔಷಧಿ ಕುಡೀತಾನೆ ಅಂದ್ರೆ, ಅಲ್ಲಿಗೆ ಮುಗೀತಲ್ಲ ಭಾಮೈದಾ."

"ನಾಳೆ ಹಾಲ್ ಮಧ್ಯ ನಿಂತು ನಾನೇ ಕೂಗಿ ಹೇಳ್ತೀನಿ."

"ಹೇಳಿದ್ರೆ ನನ್ನಾಣೆ."

ಆಮೇಲೆ ಅವರು ಗೆರೆ ದಾಟಲಿಲ್ಲ. ನಿದ್ದೆ ಬಂತು, ನಡುಕ ಹೋಯಿತು. ದಿನಾ ಸಂಜೆ ಅಕ್ಕ ಮನೆಯ ಒಂದೊಂದು ವಸ್ತು ಎತ್ತಿ ತೋರಿಸಿ ಹೆಸರು ಹೇಳಿಸುತ್ತಿದ್ದಳು. ಕೆಲವು ಮಾತು ವಾಪಸ್ ಬಂದವು, ಕೆಲವು ಬರಲೇ ಇಲ್ಲ. ಎಷ್ಟೋ ದಿನ ಕಳೆದ ಮೇಲೆ ಡಾಕ್ಟರಮ್ಮನೇ ಸಿರಪ್ಪನ್ನು ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಭಾವ ಬಸ್ ನಿಲ್ದಾಣದ ಲಗೇಜು ಕೋಣೆಯಲ್ಲಿ ಕೆಲಸಕ್ಕೆ ಕೂತರು. ಚೀಲಕ್ಕೊಂದು ಬಿಲ್ಲೆ, ಬಿಲ್ಲೆಗೊಂದು ಚೀಲ. ಹಳೆಯ ಗಿರಾಕಿಗಳು "ಏನು ಟೇಪಣ್ಣಾ, ಬಿಟ್ಟೆಯಾ ಇಲ್ವಾ?" ಅಂತ ಕೆಣಕಿದರೆ, "ಬಿಟ್ಟೆ ಮಾರಾಯಾ" ಅಂತ ನಗುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಆಣೆಯೂ ಅವರ ಜೊತೆಗೇ ಹೋಯಿತು ಅಂದುಕೊಂಡಿದ್ದೆ. ಮಣ್ಣು ಮಾಡಿ ಬರುವಾಗ ಹೋಟೆಲಿಗೆ ಬರುತ್ತಿದ್ದ ಡ್ರೈವರ್ ಒಬ್ಬ ನನ್ನ ಕೈ ಹಿಡಿದುಕೊಂಡ. "ಎಂಥಾ ಬಂಗಾರದಂಥ ಮನುಷ್ಯ! ಆ ಹಾಳು ಕುಡಿತ ಒಂದಿಲ್ಲದಿದ್ರೆ" ಅಂದ. ಅವತ್ತು ಕೂಗಿದವನು ನಾನೇ ಅನ್ನುವುದು ಅವನಿಗೆ ನೆನಪಿರಲಿಲ್ಲ.

ಅವರ ಹೆಸರಿಗೆ ನಾನು ವಾಪಸ್ ಕೊಡಬೇಕಾದ ಮಾತು ಗಂಟಲ ತನಕ ಬಂತು. ಜೊತೆಗೆ ಜನ ಇದ್ದರು, ನನ್ನ ದನಿಗೂ ಏನೂ ಕಡಿಮೆಯಾಗಿರಲಿಲ್ಲ. ಡ್ರೈವರ್‌ನ ಕೈ ಬಿಡಿಸಿಕೊಂಡು ಅಕ್ಕನ ಹಿಂದೆ ಸುಮ್ಮನೆ ನಡೆದೆ.