ಎರಡು ಸಲ ಕೊಟ್ಟ ಮಣ್ಣು

ಮೊನ್ನೆ ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದ ಹೆಂಗಸು ನೀಲಗಿರಿ ಎಣ್ಣೆಯ ಸೀಸೆ ತೆರೆದಳು. ಆ ವಾಸನೆಗೆ ನಮ್ಮೂರಿನ ಅಕ್ಕೋರು ನೆನಪಾದರು…

ಎಪ್ಪತ್ತರ ದಶಕ. ನಮ್ಮೂರಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳು, ಒಂದು ತಗಡಿನ ಚರ್ಚು. ಪಾಸ್ಟರ್ ಇರುತ್ತಿದ್ದುದು ಬಿಜಾಪುರದಲ್ಲಿ. ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಉಳಿದ ಭಾನುವಾರಗಳನ್ನೆಲ್ಲ ನಡೆಸುತ್ತಿದ್ದವರು ಅಕ್ಕೋರು. ಹೆಂಗಸರಿಗೆ ಬೈಬಲ್ ಓದಿ ಹೇಳಲೆಂದು ಮಿಷನ್ನಿನವರು ನೇಮಿಸಿದ್ದ ವಿಧವೆ. ಉಪದೇಶದ ಪ್ರಸಂಗವನ್ನು ಮಾತ್ರ ಅವರು ಪೀಠದ ಕೆಳಗೆ ನಿಂತೇ ಮಾಡಬೇಕು. ಹಾಗೆಂದು ಕಟ್ಟಳೆ ಮಾಡಿದ ಸಭೆಯ ಹಿರಿಯರಲ್ಲಿ ನನ್ನ ಅಪ್ಪನೂ ಒಬ್ಬ.

ಅವ್ವ ಕಾಮಣಿಯಾಗಿ, ಕಣ್ಣು ಮೈ ಹಳದಿ ತಿರುಗಿ ಮಲಗಿದಾಗ ಹಣೆಗೆ ಆ ನೀಲಗಿರಿ ಎಣ್ಣೆ ತಿಕ್ಕುತ್ತ ಕೂತವರು ಅಕ್ಕೋರೇ. ಅವ್ವ ಸತ್ತ ದಿನ ಡೋಣಿ ಹೊಳೆ ತುಂಬಿ ದಾರಿ ಕಟ್ಟಿತ್ತು. ಪಾಸ್ಟರ್ ಬರುವಂತಿರಲಿಲ್ಲ, ಹೆಣ ಇಡುವಂತಿರಲಿಲ್ಲ. ಅಪ್ಪನೇ ಅವರ ಬಾಗಿಲಿಗೆ ಹೋದ.

"ನೀವ ಮಣ್ಣ ಕೊಡಸ್ರಿ ಅಕ್ಕೋರ. ಬ್ಯಾರೆ ದಾರಿ ಇಲ್ರಿ."

ಅವರು ಮಳೆಯಲ್ಲಿ ನಿಂತು ಅವ್ವನ ಹೆಸರು ಹಿಡಿದು ಪ್ರಾರ್ಥಿಸಿದರು. ಮೊದಲ ಹಿಡಿ ಮಣ್ಣು ನನ್ನ ಕೈಯಿಂದ ಹಾಕಿಸಿದರು.

ಹೊಳೆ ಇಳಿದ ಮೇಲೆ ಪಾಸ್ಟರ್ ಬಂದರು. ಹೆಣ್ಣುಮಗಳು ಮಾಡಿದ ಸಂಸ್ಕಾರ ಸಲ್ಲದು ಎಂದರು. ಹಿರಿಯರು ತಲೆಯಾಡಿಸಿದರು, ಅಪ್ಪನೂ. ಅಕ್ಕೋರ ಪ್ರಾರ್ಥನೆ ಜ್ವರಕ್ಕೆ, ಹೆರಿಗೆಗೆ ಸಲ್ಲುತ್ತಿತ್ತು, ಸತ್ತವರಿಗೆ ಸಲ್ಲಲಿಲ್ಲ. ಪಾಸ್ಟರ್ ಅವ್ವನ ಗೋರಿಯ ಮುಂದೆ ನಮ್ಮನ್ನೆಲ್ಲ ಮತ್ತೆ ನಿಲ್ಲಿಸಿ, ಅವವೇ ವಚನಗಳನ್ನು ಓದಿ, ಮತ್ತೆ ಮಣ್ಣು ಹಾಕಿಸಿದರು.

ಎಲ್ಲ ಮುಗಿದ ಮೇಲೆ ಅಕ್ಕೋರು ಅಪ್ಪನನ್ನು ಕೇಳಿದರು: "ಅವತ್ತ ನೀವೂ ಆಮೆನ್ ಅಂದಿದ್ರಿ. ಅದೂ ಸುಳ್ಳೇನ್ರಿ?"

ಅಪ್ಪ ನೆಲ ನೋಡಿದ. "ಸಭಾದ ಮಾತ ಮೀರಾಕ ಬರೂದಿಲ್ರಿ."

ಮುಂದಿನ ಭಾನುವಾರ ಅವರು ಚರ್ಚಿಗೆ ಬರಲಿಲ್ಲ. ಮಿಷನ್ನಿನವರು ಕೊಲ್ಹಾರಕ್ಕೆ ಕಳಿಸಿದರಂತೆ… ಆಮೇಲೆ ಇಂಡಿಯಲ್ಲಿ ಯಾರದೋ ಮನೆಯಲ್ಲಿ ಇದ್ದರಂತೆ… ಹುಡುಕಿಕೊಂಡು ಯಾರೂ ಹೋಗಲಿಲ್ಲ. ಅಪ್ಪನಿಗೂ ನನಗೂ ಅವನು ಸಾಯುವವರೆಗೆ ಮಾತು ಅಷ್ಟಕ್ಕಷ್ಟೇ ಉಳಿಯಿತು.

ಮೊನ್ನೆ ನಾನು ಹೊರಟಿದ್ದು ಆ ಚರ್ಚಿಗೇ. ಈಗ ಅಲ್ಲಿಗೆ ಪಾಸ್ಟರಾಗಿ ಬಂದವರು ಹೆಣ್ಣುಮಗಳು. ಸ್ವಾಗತದಲ್ಲಿ ಅವರಿಗೆ ಶಾಲು ಹೊದಿಸಿದ ಹಿರಿಯರೊಬ್ಬರು, "ನಮ್ಮ ಸಭಾಕ್ಕ ಸೇವಾ ಮಾಡಾಕ ಬಂದ ಮೊದಲನೇ ಹೆಣ್ಣಮಗಳು ಇವರು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮೊದಲನೇದವರು ಇವರಲ್ಲ" ಅಂದೆ, ಪಕ್ಕದಲ್ಲಿದ್ದ ಹುಡುಗಿಗೆ.

"ಮತ್ತ ಯಾರ್ರಿ? ಈಗ ಎಲ್ಲಿ ಅದಾರ್ರಿ?"

ಅವರ ಗೋರಿ ಯಾವ ಊರಲ್ಲಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.